ಎಲ್ಲ ಪುಸ್ತಕಕ್ಕೂ ಒಂದೇ ಬಗೆಯ ಓದು ಸಲ್ಲದು

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಪುಸ್ತಕಗಳ ಆಯ್ಕೆ ಮತ್ತು ಓದಿನ ಕ್ರಮವನ್ನು ಕುರಿತವೇ ಹೆಚ್ಚು. ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿರುವುದರಿಂದ ಅಂಥವನ್ನು ಒಂದಾಗಿ ಸೇರಿಸಿ, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹೊಸ ಪುಸ್ತಕಗಳ ಬಗ್ಗೆ ಬರುವ ಹೊಗಳಿಕೆಯನ್ನು ನಂಬಿ ಕೊಳ್ಳುತ್ತೇನೆ. ನಲವತ್ತು ಐವತ್ತು ಪುಟ ಸಾಗುವಷ್ಟರಲ್ಲಿ ಇದು ನನಗೆ ಬೇಕಾಗಿದ್ದ ಪುಸ್ತಕವಲ್ಲ ಎಂಬುದು ಅರಿವಾಗುತ್ತದೆ. ಓದಲು ಕೂರುವ ಮೊದಲೇ ಒಳ್ಳೆಯ ಪುಸ್ತಕವನ್ನು ಗುರುತಿಸುವ ದಾರಿ ಇದೆಯೇ?

ಉತ್ತರ: ಪುಸ್ತಕ ಒಳ್ಳೆಯದೇ ಎಂದು ಕೇಳುವುದಕ್ಕೆ ಮೊದಲು ಅದು ಯಾವುದಕ್ಕೆ ಒಳ್ಳೆಯದು ಎಂದು ಕೇಳಿಕೊಳ್ಳಬೇಕು. ಒಂದು ವಿಷಯಕ್ಕೆ ಆಗಷ್ಟೇ ಕಾಲಿಡುತ್ತಿರುವವರಿಗೆ ಆ ವಿಷಯದ ಉದ್ಗ್ರಂಥ ತಪ್ಪು ಆಯ್ಕೆಯಾಗುತ್ತದೆ. ಅದರಲ್ಲಿ ನುರಿತವರಿಗೆ ಪರಿಚಯ ಪುಸ್ತಕ ಸಪ್ಪೆಯೆನ್ನಿಸುತ್ತದೆ. ಎರಡೂ ಸಂದರ್ಭಗಳಲ್ಲಿ ದೋಷ ಪುಸ್ತಕದ್ದಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಇದನ್ನೇ ಹೇಳುತ್ತವೆ: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನುಂಟು. ನಾಲ್ಕನೆಯ ಸೂತ್ರ ಓದುಗನ ಸಮಯವನ್ನು ಉಳಿಸಿ ಎನ್ನುತ್ತದೆ. ಇವು ಗ್ರಂಥಪಾಲಕರಿಗಾಗಿ ರೂಪಿಸಿದ ಸೂತ್ರಗಳು ನಿಜ. ಆದರೆ ತನ್ನ ಪುಸ್ತಕಗಳನ್ನು ತಾನೇ ಆರಿಸಿಕೊಳ್ಳುವ ಓದುಗ ತನಗೆ ತಾನೇ ಗ್ರಂಥಪಾಲಕನಾಗಿರುತ್ತಾನೆ.

ಆದ್ದರಿಂದ ಮೊದಲ ಕೆಲಸ, ನಿಮಗೆ ಏನು ತಿಳಿಯಬೇಕಾಗಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳುವುದು. ವಾಕ್ಯ ಸಿಗದಿದ್ದರೆ ಪುಸ್ತಕವನ್ನು ಹುಡುಕುವ ಹೊತ್ತು ಇನ್ನೂ ಬಂದಿಲ್ಲವೆಂದೇ ಅರ್ಥ. ಸಂತೋಷಕ್ಕಾಗಿ ಓದುವ ಕಥೆ, ಕಾದಂಬರಿ, ಕವಿತೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ವಿಚಾರಗ್ರಂಥಗಳಿಗೆ ಮಾತ್ರ.

ಎರಡನೆಯ ಕೆಲಸ ಪುಸ್ತಕದ ಪರೀಕ್ಷೆ. ಇದಕ್ಕೆ ಕಾಲು ಗಂಟೆ ಸಾಕು. ಹೆಚ್ಚಿನವರು ಬೆನ್ನುಡಿಯಿಂದ ಪ್ರಾರಂಭಿಸುತ್ತಾರೆ. ಅದು ಪುಸ್ತಕವನ್ನು ಮಾರಲೆಂದೇ ಬರೆದ ಮಾತಾದ್ದರಿಂದ ಅಲ್ಲಿ ನಿಲ್ಲುವ ಅಗತ್ಯವಿಲ್ಲ. ಹಕ್ಕುಸ್ವಾಮ್ಯದ ವಿವರವಿರುವ ಪುಟಕ್ಕೆ ಹೋಗಿ, ಮೊದಲ ಮುದ್ರಣದ ವರ್ಷವನ್ನು ನೋಡಿ. ಹತ್ತನೆಯ ಮುದ್ರಣ ಎಂದಿದ್ದರೆ ಹಳೆಯ ಪಾಠವೇ ಹತ್ತು ಸಲ ಅಚ್ಚಾಗಿರಬಹುದು. ಪರಿಷ್ಕೃತ ಆವೃತ್ತಿ ಎಂದಿದ್ದರೆ ಮಾತ್ರ ಲೇಖಕರು ಅದನ್ನು ಮತ್ತೆ ಮುಟ್ಟಿದ್ದಾರೆ. ವೈದ್ಯಕೀಯ, ಕಾನೂನು, ತೆರಿಗೆ, ಕಂಪ್ಯೂಟರ್ ಮುಂತಾದ ವಿಷಯಗಳಲ್ಲಿ ಈ ವ್ಯತ್ಯಾಸವೇ ಪುಸ್ತಕ ಬಳಕೆಗೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ತರ್ಕ, ವ್ಯಾಕರಣ, ತತ್ತ್ವಶಾಸ್ತ್ರಗಳಲ್ಲಿ ಅದಕ್ಕೆ ಅಷ್ಟು ಬೆಲೆಯಿಲ್ಲ; ಅಲ್ಲಿ ಹಲವು ದಶಕಗಳ ನಂತರವೂ ಓದುಗರನ್ನು ಉಳಿಸಿಕೊಂಡಿರುವ ಪುಸ್ತಕವನ್ನೇ ಮೊದಲು ಕೈಗೆತ್ತಿಕೊಳ್ಳುವುದು ಜಾಣತನ.

ಬಳಿಕ ಮುನ್ನುಡಿ. ಲೇಖಕರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದನ್ನು ಸಾಮಾನ್ಯವಾಗಿ ಅಲ್ಲಿಯೇ ಹೇಳಿರುತ್ತಾರೆ. ಪರಿವಿಡಿಯನ್ನು ಓದುವಾಗ ಅಧ್ಯಾಯಗಳು ಒಂದರಿಂದ ಒಂದಕ್ಕೆ ಮುಂದುವರಿಯುತ್ತವೆಯೇ ಅಥವಾ ಒಂದೇ ಮಾತನ್ನು ಹೆಸರು ಬದಲಿಸಿ ಹೇಳುತ್ತವೆಯೇ ಎಂದು ಗಮನಿಸಿ. ಲೇಖನವೊಂದರಲ್ಲಿ ಮುಗಿಯಬಹುದಾಗಿದ್ದ ಒಂದೇ ಒಂದು ವಿಚಾರವನ್ನು ಮುನ್ನೂರು ಪುಟಗಳಿಗೆ ಹಿಗ್ಗಿಸಿದ ಪುಸ್ತಕ ತನ್ನ ಪರಿವಿಡಿಯಲ್ಲಿಯೇ ಸಿಕ್ಕಿಬೀಳುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ತಿಳಿಸುವುದು ಕೊನೆಯಲ್ಲಿರುವ ಪದಸೂಚಿ. ನಿದ್ರೆಯನ್ನು ಕುರಿತ ಒಂದು ಪುಸ್ತಕ ಕೈಯಲ್ಲಿದೆ, ನಿಮ್ಮ ಪ್ರಶ್ನೆ ನಡುರಾತ್ರಿಯಲ್ಲಿ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿರುವುದರ ಬಗ್ಗೆ ಎಂದಿಟ್ಟುಕೊಳ್ಳೋಣ. ಪದಸೂಚಿಯಲ್ಲಿ ನಿದ್ರಾಹೀನತೆ ಎಂಬ ನಮೂದಿನ ಮುಂದೆ ಒಂದೇ ಪುಟಸಂಖ್ಯೆ ಇದ್ದು, ಯಶಸ್ಸು, ಸಾಧನೆ, ಉತ್ಪಾದಕತೆ ಎಂಬವುಗಳ ಮುಂದೆ ಸಾಲುಗಟ್ಟಲೆ ಸಂಖ್ಯೆಗಳಿದ್ದರೆ ಪುಸ್ತಕ ಏನೆಂಬುದು ಅಲ್ಲಿಗೇ ತಿಳಿಯಿತು. ಹಾಗಲ್ಲದೆ ನಿಮ್ಮ ವಿಷಯಕ್ಕೆ ಎಂಟು ಹತ್ತು ಪುಟಗಳ ಒಂದು ಗುಚ್ಛ ಕಂಡರೆ ನೇರವಾಗಿ ಅಲ್ಲಿಗೆ ತಿರುಗಿಸಿ, ಎರಡು ಪುಟಗಳನ್ನು ಎಂದಿನ ವೇಗದಲ್ಲಿ ಓದಿ. ಲೇಖಕರು ‘ಸಂಶೋಧನೆಗಳು ಸಾಬೀತುಪಡಿಸಿವೆ’ ಎಂದು ಒಂದು ಮಾತು ಹೇಳಿ ಮುಂದೆ ಸಾಗಿದ್ದಾರೆಯೇ? ಅಥವಾ ಪ್ರಯೋಗ ಯಾರ ಮೇಲೆ ನಡೆಯಿತು, ಎಷ್ಟು ಜನ ಇದ್ದರು, ಎಷ್ಟು ರಾತ್ರಿ ಗಮನಿಸಿದರು, ಇದಕ್ಕೆ ಎದುರಾದ ಫಲಿತಾಂಶ ಬೇರೆ ಕಡೆ ಬಂದಿದೆಯೇ ಎಂಬುದನ್ನು ಹೇಳಿ, ಅಡಿಟಿಪ್ಪಣಿಯಲ್ಲಿ ಮೂಲವನ್ನು ಕೊಟ್ಟಿದ್ದಾರೆಯೇ? ತಮ್ಮ ವಾದಕ್ಕೆ ಒದಗದ ಸಂಗತಿಯನ್ನು ಲೇಖಕರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಕಂಡರೂ ಇಡೀ ಪುಸ್ತಕವನ್ನು ತಕ್ಕಮಟ್ಟಿಗೆ ಅಳೆಯಬಹುದು.

ಮೊದಲ ಅಧ್ಯಾಯವನ್ನು ಓದಿ ತೀರ್ಮಾನಿಸುವುದು ಏಕೆ ಸಾಲದು ಎಂದರೆ, ಲೇಖಕರೂ ಸಂಪಾದಕರೂ ಎಲ್ಲಕ್ಕಿಂತ ಹೆಚ್ಚು ತಿದ್ದಿ ತೀಡಿರುವುದು ಅದನ್ನೇ. ಅಂತರ್ಜಾಲದಲ್ಲಿ ಮಾದರಿಯಾಗಿ ಉಚಿತವಾಗಿ ಸಿಗುವುದೂ ಸಾಮಾನ್ಯವಾಗಿ ಅದೇ ಭಾಗ. ಮಧ್ಯದ ಅಧ್ಯಾಯದಲ್ಲಿ ಬರಹ ತನ್ನ ನಿಜವಾದ ನಡಿಗೆಗೆ ಬಂದಿರುತ್ತದೆ. ಎಷ್ಟೋ ಒಳ್ಳೆಯ ವಿಚಾರಗ್ರಂಥಗಳು ಪದಸೂಚಿಯೇ ಇಲ್ಲದೆ ಅಚ್ಚಾಗುತ್ತವೆ. ಅದು ಪ್ರಕಾಶಕರ ಉದಾಸೀನವೇ ಹೊರತು ಲೇಖಕರ ದೋಷವಾಗಿರಬೇಕೆಂದಿಲ್ಲ. ಅಂಥ ಕಡೆ ಪರಿವಿಡಿಯಿಂದಲೇ ಮಧ್ಯದ ಒಂದು ಅಧ್ಯಾಯವನ್ನು ಆರಿಸಿಕೊಳ್ಳಿ.

ವಿಮರ್ಶೆಗಳ ವಿಚಾರ. ಪುಸ್ತಕದ ವಾದ ಏನೆಂಬುದನ್ನು ಹೇಳಿ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನೂ ಹೇಳುವ ವಿಮರ್ಶೆ ಉಪಯುಕ್ತ. ಬರೀ ಹೊಗಳಿಕೆ, ಬರೀ ತೆಗಳಿಕೆ ಎರಡರಿಂದಲೂ ನಿಮಗೆ ತಿಳಿಯುವುದು ವಿಮರ್ಶಕರ ಮನಸ್ಥಿತಿ ಮಾತ್ರ. ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿ ಮಾರಾಟದ ಸುದ್ದಿಯನ್ನಷ್ಟೇ ಹೇಳುತ್ತದೆ. ನನ್ನ ಅನುಭವದಲ್ಲಿ ನಂಬಬಹುದಾದ ಸಲಹೆಗಾರನೆಂದರೆ ನೀವು ಈಗಾಗಲೇ ಮೆಚ್ಚಿದ ಪುಸ್ತಕದ ಕೊನೆಯಲ್ಲಿರುವ ಆಕರಗ್ರಂಥಗಳ ಪಟ್ಟಿ. ಪರಸ್ಪರ ಒಪ್ಪದ ಇಬ್ಬರು ಲೇಖಕರ ಪಟ್ಟಿಗಳಲ್ಲಿಯೂ ಒಂದೇ ಹೆಸರು ಕಾಣಿಸಿಕೊಂಡರೆ ಆ ಪುಸ್ತಕವನ್ನು ಹುಡುಕಿ ಓದಿ.

ಪ್ರಶ್ನೆ: ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಪದಗಳನ್ನು ಓದಲು ಕಲಿಸುತ್ತೇವೆ ಎನ್ನುವ ತರಬೇತಿಗಳಿವೆ. ನಾನು ಬಹಳ ನಿಧಾನವಾಗಿ ಓದುತ್ತೇನೆ. ಮನಸ್ಸಿನೊಳಗೆ ಪ್ರತಿ ಪದವನ್ನೂ ಉಚ್ಚರಿಸುತ್ತೇನೆ, ಓದಿದ ಸಾಲಿಗೇ ಹಿಂದಿರುಗುತ್ತೇನೆ. ಇಂಥ ತರಬೇತಿಯಿಂದ ಪ್ರಯೋಜನ ಉಂಟೇ?

ಉತ್ತರ: ಅಷ್ಟು ವೇಗದಲ್ಲಿ ಪುಟ ಮಗುಚಬಹುದು, ಓದಿ ಅರ್ಥಮಾಡಿಕೊಳ್ಳಲು ಆಗುವುದಿಲ್ಲ. ಇದಕ್ಕೆ ಕಾರಣ ಕಣ್ಣಿನ ರಚನೆಯಲ್ಲಿಯೂ ಇದೆ, ಮನಸ್ಸಿನ ಕೆಲಸದಲ್ಲಿಯೂ ಇದೆ.

ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯುವುದಿಲ್ಲ. ಅದು ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ನಿಂತಾಗ ಮಾತ್ರ ಅಕ್ಷರಗಳು ಗ್ರಹಿಕೆಗೆ ಬರುತ್ತವೆ. ಆಗಲೂ ತೀಕ್ಷ್ಣವಾಗಿ ಕಾಣುವ ಭಾಗ ಸುಮಾರು 2 ಡಿಗ್ರಿಗಳಷ್ಟು ಮಾತ್ರ. ತೋಳನ್ನು ಪೂರ್ತಿ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಇಡೀ ಸಾಲನ್ನೋ ಇಡೀ ಪುಟವನ್ನೋ ಒಂದೇ ನೋಟದಲ್ಲಿ ಹಿಡಿಯಬಹುದು ಎಂಬ ಭರವಸೆ ಇಲ್ಲಿಗೇ ಕುಸಿಯುತ್ತದೆ. 2019ರಲ್ಲಿ ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನೋವಿಜ್ಞಾನಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ವಯಸ್ಕರು ಇಂಗ್ಲಿಷಿನ ವಿಚಾರಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ, ಕಥೆಯನ್ನು ಓದುವ ವೇಗ 260 ಪದ ಎಂದು ಬಂತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ನಮ್ಮ ಪದಗಳು ಉದ್ದ. ಆದ್ದರಿಂದ ಈ ಅಂಕಿಯನ್ನು ಹಿಡಿದು ನಿಮ್ಮ ಕನ್ನಡ ಓದನ್ನು ಅಳೆದುಕೊಂಡು ಕೊರಗಬೇಡಿ.

ಅಮೆರಿಕದಲ್ಲಿ ಎವೆಲಿನ್ ವುಡ್ 1959ರಲ್ಲಿ ಆರಂಭಿಸಿದ ವೇಗದ ಓದಿನ ತರಬೇತಿ ಅಂದಿನಿಂದ ಹಲವು ರೂಪಗಳಲ್ಲಿ ಮರಳಿ ಬರುತ್ತಲೇ ಇದೆ. ಕೀತ್ ರೇನರ್ ಮತ್ತು ಸಂಗಡಿಗರು ಕಣ್ಣಿನ ಚಲನೆಯ ಬಗ್ಗೆ ದಶಕಗಳ ಕಾಲ ನಡೆದ ಸಂಶೋಧನೆಯನ್ನು ಪರಿಶೀಲಿಸಿ 2016ರಲ್ಲಿ ಬರೆದ ದೀರ್ಘ ಸಮೀಕ್ಷೆಯ ತೀರ್ಮಾನ ನೇರವಾಗಿದೆ: ವೇಗವನ್ನು ಎರಡು ಮೂರು ಪಟ್ಟು ಹೆಚ್ಚಿಸಿ ಗ್ರಹಿಕೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಸಂಭವನೀಯವಲ್ಲ, ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕಾಗುತ್ತದೆ. ನೀವು ದೋಷಗಳೆಂದು ಬರೆದಿರುವ ಎರಡು ಅಭ್ಯಾಸಗಳೂ ನಿಜಕ್ಕೆ ದೋಷಗಳಲ್ಲ. ಒಳದನಿ ಅರ್ಥಗ್ರಹಣಕ್ಕೆ ನೆರವಾಗುತ್ತದೆ. ಕಷ್ಟದ ಬರಹವನ್ನು ಓದುವಾಗ ಅದನ್ನು ಬಲವಂತವಾಗಿ ಅಡಗಿಸಿದರೆ ತಿಳಿವಳಿಕೆ ಕುಗ್ಗುತ್ತದೆ. ಹಿಂದಿರುಗಿ ನೋಡುವುದೂ ಹಾಗೆಯೇ. ನುರಿತ ಓದುಗರ ಕಣ್ಣಿನ ಜಿಗಿತಗಳಲ್ಲಿಯೂ ನೂರಕ್ಕೆ 10ರಿಂದ 15ರಷ್ಟು ಹಿಮ್ಮುಖವಾಗಿರುತ್ತವೆ. ಪರದೆಯ ಮೇಲೆ ಒಂದೊಂದೇ ಪದವನ್ನು ಮಿನುಗಿಸಿ ತೋರಿಸುವ ಆ್ಯಪ್‌ಗಳು ಈ ಸೌಲಭ್ಯವನ್ನೇ ಕಿತ್ತುಕೊಳ್ಳುತ್ತವೆ. ವಾಕ್ಯದ ತಿರುವಿನಲ್ಲಿ ಎಡವಿದವನು ಅಲ್ಲಿ ಹಿಂದೆ ನೋಡುವ ಹಾಗೇ ಇಲ್ಲ.

ಹಾಗಾದರೆ ಸಮಯ ಎಲ್ಲಿ ಉಳಿಯುತ್ತದೆ? ನಾನು ಕಂಡಂತೆ, ಓದು ನಿಧಾನವಾಗುವುದು ಹೆಚ್ಚಾಗಿ ಎಲ್ಲ ಪುಟಗಳನ್ನೂ ಒಂದೇ ಶ್ರದ್ಧೆಯಿಂದ ಓದುವುದರಿಂದ. ನಿಮಗೆ ಈಗಾಗಲೇ ಗೊತ್ತಿರುವ ಹಿನ್ನೆಲೆ, ಒಂದೇ ಅಂಶವನ್ನು ಪುಷ್ಟೀಕರಿಸುವ ನಾಲ್ಕನೆಯ ಉದಾಹರಣೆ, ಹಿಂದಿನ ಅಧ್ಯಾಯದ ಪುನರಾವರ್ತನೆ, ಇವುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಲು ಯಾವ ಅಡ್ಡಿಯೂ ಇಲ್ಲ. ವಿಚಾರಗ್ರಂಥದ ಅಧ್ಯಾಯವಾದರೆ ಮೊದಲ ಒಂದೆರಡು ಪ್ಯಾರಾಗಳನ್ನೂ ಕೊನೆಯ ಪ್ಯಾರಾವನ್ನೂ ಪೂರ್ತಿಯಾಗಿ, ನಡುವಿನ ಪ್ಯಾರಾಗಳ ಮೊದಲ ವಾಕ್ಯಗಳನ್ನು ಮಾತ್ರ ಓದಿ ನೋಡಿ. ಅಧ್ಯಾಯದ ತಿರುಳು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಅನಂತರ ಆ ಐದಾರು ಪುಟಗಳನ್ನು ಎಷ್ಟು ನಿಧಾನ ಬೇಕೋ ಅಷ್ಟು ನಿಧಾನವಾಗಿ ಓದಿ. ಇದು ಕಣ್ಣಾಡಿಸುವುದು ಎಂಬ ಅರಿವು ಮಾತ್ರ ಇರಲಿ. ಕಣ್ಣಾಡಿಸಿದ ಪುಸ್ತಕದ ಬಗ್ಗೆ ಓದಿದವರಂತೆ ವಾದಕ್ಕಿಳಿಯುವುದು ತರವಲ್ಲ.

ಕಾದಂಬರಿ, ಕವಿತೆ, ನಾಟಕಗಳಿಗೆ ಇದಾವುದೂ ಸಲ್ಲದು. ಅಲ್ಲಿ ತಿರುಳನ್ನು ಬೇರ್ಪಡಿಸಿ ತೆಗೆಯಲು ಬರುವುದಿಲ್ಲವಾದ್ದರಿಂದ ಅವಸರದ ಓದು ಓದೇ ಅಲ್ಲ.

ಪ್ರಶ್ನೆ: ಓದುವಾಗ ಎಲ್ಲವೂ ಅರ್ಥವಾದಂತಿರುತ್ತದೆ. ಮುಖ್ಯವಾದ ಸಾಲುಗಳಿಗೆ ಬಣ್ಣದ ಗೆರೆಯನ್ನೂ ಎಳೆಯುತ್ತೇನೆ. ತಿಂಗಳ ನಂತರ ಯಾರಾದರೂ ಆ ಪುಸ್ತಕದಲ್ಲಿ ಏನಿದೆ ಎಂದರೆ ನಾಲ್ಕು ವಾಕ್ಯ ಹೇಳಲಾಗುವುದಿಲ್ಲ. ಇದಕ್ಕೆ ಪರಿಹಾರವೇನು?

ಉತ್ತರ: ಗೆರೆ ಎಳೆಯುವುದರಿಂದ ಕೆಲಸ ಮಾಡಿದ ಭಾವನೆ ಬರುತ್ತದೆ, ನೆನಪು ಬರುವುದಿಲ್ಲ. ಕಲಿಕೆಯ ಹತ್ತು ವಿಧಾನಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪರಿಶೀಲನೆಯಲ್ಲಿ, ಗೆರೆ ಎಳೆಯುವುದೂ ಮತ್ತೆ ಮತ್ತೆ ಓದುವುದೂ ಕಡಿಮೆ ಫಲ ಕೊಡುವ ವಿಧಾನಗಳ ಸಾಲಿಗೆ ಸೇರಿದವು. ಮೇಲಿನ ದರ್ಜೆ ಸಿಕ್ಕಿದ್ದು ತನ್ನನ್ನು ತಾನೇ ಪ್ರಶ್ನಿಸಿಕೊಂಡು ನೆನಪಿನಿಂದ ಉತ್ತರಿಸುವುದಕ್ಕೆ, ಮತ್ತು ಅಭ್ಯಾಸವನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದಕ್ಕೆ.

ಇದನ್ನು ಸ್ಪಷ್ಟವಾಗಿ ತೋರಿಸಿದ ಒಂದು ಪ್ರಯೋಗವನ್ನು ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಸೂರ್ಯನ ಬಗ್ಗೆ ಒಂದು, ಕಡಲ ನೀರುನಾಯಿಗಳ ಬಗ್ಗೆ ಇನ್ನೊಂದು ಎಂದು ಎರಡು ಸಣ್ಣ ಪಾಠಗಳನ್ನು ಅವರು ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದನ್ನು ವಿದ್ಯಾರ್ಥಿಗಳು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಎರಡನೆಯ ಸಲ ಹಾಳೆಯನ್ನು ನೋಡದೆ ನೆನಪಾದುದನ್ನು ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು. ವಾರದ ನಂತರ ಪರೀಕ್ಷಿಸಿದಾಗ ಲೆಕ್ಕ ತಿರುಗಿತು: ಎರಡು ಸಲ ಓದಿದ ಪಾಠದಲ್ಲಿ ಶೇಕಡ 42ರಷ್ಟು, ನೆನಪಿನಿಂದ ಬರೆದ ಪಾಠದಲ್ಲಿ ಶೇಕಡ 56ರಷ್ಟು ಉಳಿದಿತ್ತು. ನಿಮ್ಮ ಅನುಭವದ ವಿವರಣೆಯೂ ಇದೇ. ಓದಿದ ಕೂಡಲೇ ಎಲ್ಲವೂ ಗೊತ್ತಿದೆ ಎನ್ನಿಸುವುದು ಆ ಐದು ನಿಮಿಷದ ನೆನಪು.

ಮಾಡಬೇಕಾದುದು ಸರಳ, ಆದರೆ ಹಿತವಾಗಿರುವುದಿಲ್ಲ. ಅಧ್ಯಾಯ ಮುಗಿದ ಕೂಡಲೇ ಪುಸ್ತಕವನ್ನು ಮುಚ್ಚಿ, ಅದು ಹೇಳಿದ್ದೇನು ಎಂಬುದನ್ನು ನಿಮ್ಮದೇ ಮಾತುಗಳಲ್ಲಿ ಐದಾರು ವಾಕ್ಯ ಬರೆಯಿರಿ. ಹಣದುಬ್ಬರದ ಬಗ್ಗೆ ಒಂದು ಅಧ್ಯಾಯವನ್ನು ಓದಿದ್ದೀರಿ ಎನ್ನಿ. ‘ಸರಕಿಗಿಂತ ಹಣ ಹೆಚ್ಚಿದಾಗ ಬೆಲೆ ಏರುತ್ತದೆ’ ಎಂದು ಮೊದಲ ವಾಕ್ಯ ಸುಲಭವಾಗಿ ಬರುತ್ತದೆ. ‘ಬೆಲೆ ಏರಬಹುದು ಎಂಬ ನಿರೀಕ್ಷೆಯೂ ಬೆಲೆಯನ್ನು ಏರಿಸುತ್ತದೆ’ ಎಂಬ ಎರಡನೆಯ ವಾಕ್ಯವೂ ಬರುತ್ತದೆ. ಏಕೆ ಎಂಬಲ್ಲಿ ಲೇಖನಿ ನಿಲ್ಲುತ್ತದೆ. ಗೆರೆ ಎಳೆದಿದ್ದ ಸಾಲು ಅದೇ ಆಗಿದ್ದರೂ ಕಾರಣ ಮನಸ್ಸಿಗೆ ಇಳಿದಿರಲಿಲ್ಲ ಎಂಬುದು ಈಗ ಬಯಲಾಗುತ್ತದೆ. ಪುಟವನ್ನು ತೆರೆದರೆ ಉತ್ತರ ಅಲ್ಲಿಯೇ ಇದೆ: ಮುಂದೆ ಬೆಲೆ ಏರುತ್ತದೆ ಎಂದು ನಂಬಿದ ಕಾರ್ಮಿಕರು ಈಗಲೇ ಹೆಚ್ಚು ಕೂಲಿ ಕೇಳುತ್ತಾರೆ, ಮಾರುವವರು ಆ ಖರ್ಚನ್ನು ಮುಂಚಿತವಾಗಿಯೇ ಬೆಲೆಗೆ ಸೇರಿಸುತ್ತಾರೆ. ಹೀಗೆ ತಡಕಾಡಿ ಹಿಂದಿರುಗಿ ಪಡೆದುಕೊಂಡ ಉತ್ತರ ಸುಮ್ಮನೆ ಎರಡನೆಯ ಸಲ ಓದಿದ ಸಾಲಿಗಿಂತ ಬಹಳ ಕಾಲ ನಿಲ್ಲುತ್ತದೆ.

ಮರುದಿನ ಹೊಸ ಅಧ್ಯಾಯವನ್ನು ತೆರೆಯುವ ಮೊದಲು ಹಿಂದಿನ ದಿನದ ವಾಕ್ಯಗಳನ್ನು ನೋಡದೆ ನೆನಪಿಸಿಕೊಳ್ಳಿ. ವಾರದ ಕೊನೆಗೆ ಮತ್ತೊಮ್ಮೆ. ಎಲ್ಲ ಪುಸ್ತಕಗಳಿಗೂ ಇದನ್ನು ಮಾಡಬೇಡಿ. ಮಾಡಹೊರಟರೆ ತಿಂಗಳಲ್ಲಿ ಬೇಸತ್ತು ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ವರ್ಷದಲ್ಲಿ ನಿಜವಾಗಿ ದಕ್ಕಿಸಿಕೊಳ್ಳಬೇಕಾದ ಕೆಲವೇ ಪುಸ್ತಕಗಳಿಗೆ ಈ ಶ್ರಮವನ್ನು ಮೀಸಲಿಡಿ. ಉಳಿದವು ಮರೆತರೆ ಮರೆಯಲಿ.

ಪ್ರಶ್ನೆ: ಅರ್ಥಶಾಸ್ತ್ರ, ತತ್ತ್ವಶಾಸ್ತ್ರಗಳ ಪುಸ್ತಕ ಹಿಡಿದರೆ ಎರಡೇ ಪುಟಕ್ಕೆ ನಿದ್ರೆ ಬರುತ್ತದೆ. ಕಾದಂಬರಿಗಳನ್ನು ಮಾತ್ರ ಗಂಟೆಗಟ್ಟಲೆ ಓದಬಲ್ಲೆ. ನನ್ನಲ್ಲಿ ಓದುವ ಶಕ್ತಿಯೇ ಕಡಿಮೆ ಇರಬಹುದೇ?

ಉತ್ತರ: ಗಂಟೆಗಟ್ಟಲೆ ಕಾದಂಬರಿ ಓದುವವರಿಗೆ ಓದುವ ಶಕ್ತಿ ಕಡಿಮೆ ಎನ್ನಲಾಗದು. ನಿಮಗೆ ಕೊರತೆಯಿರುವುದು ಆ ವಿಷಯಗಳ ಹಿನ್ನೆಲೆಯಲ್ಲಿ. 1988ರಲ್ಲಿ ಪ್ರಕಟವಾದ ರೆಕ್ಟ್ ಮತ್ತು ಲೆಸ್ಲಿ ಅವರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವರ್ಣನೆಯನ್ನು ಓದಲು ಕೊಟ್ಟು, ಓದಿದ್ದನ್ನು ಮೈದಾನದ ಒಂದು ಮಾದರಿಯ ಮೇಲೆ ಗೊಂಬೆಗಳನ್ನು ಸರಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟವನ್ನು ಅರಿಯದ ಮಕ್ಕಳಿಗಿಂತ ಚೆನ್ನಾಗಿ ತೋರಿಸಿದರು.

ಆದ್ದರಿಂದ ಕಠಿಣ ಗ್ರಂಥದೊಂದಿಗೆ ಮೊದಲ ದಿನವೇ ಸೆಣಸಬೇಡಿ. ಅದೇ ವಿಷಯದಲ್ಲಿ ಪ್ರೌಢಶಾಲೆಯ ಮಟ್ಟದ ಒಂದು ಪಠ್ಯಪುಸ್ತಕವನ್ನೋ ನೂರು ಪುಟಗಳ ಪ್ರವೇಶಿಕೆಯನ್ನೋ ಮೊದಲು ಮುಗಿಸಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ತಮ್ಮ ಕ್ಷೇತ್ರವನ್ನು ದಾಟಿ ಓದುವ ವಿದ್ವಾಂಸರೂ ಹೀಗೆಯೇ ಮಾಡುತ್ತಾರೆ. ಮತ್ತೆ ಮತ್ತೆ ಬರುವ ಇಪ್ಪತ್ತು ಮೂವತ್ತು ಪಾರಿಭಾಷಿಕ ಪದಗಳ ಪರಿಚಯವಾದರೆ ದೊಡ್ಡ ಗ್ರಂಥದ ಅರ್ಧ ಭಾರ ಇಳಿಯುತ್ತದೆ. ಅನಂತರವೂ ಮೊದಲ ಓದಿನಲ್ಲಿ ತೊಡಕಿನ ಸಾಲುಗಳ ಮುಂದೆ ನಿಲ್ಲದೆ, ಅಂಚಿನಲ್ಲಿ ಒಂದು ಗುರುತು ಹಾಕಿ ಅಧ್ಯಾಯದ ಕೊನೆಯವರೆಗೆ ಸಾಗಿ. ಮೂರನೆಯ ಪುಟದ ಗಂಟು ಎಂಟನೆಯ ಪುಟದಲ್ಲಿ ತಾನಾಗಿ ಬಿಚ್ಚಿಕೊಳ್ಳುವುದು ಅಪರೂಪವಲ್ಲ. ಜೊತೆಗೆ, ಇಂಥ ಪುಸ್ತಕವನ್ನು ಮಲಗುವ ಹೊತ್ತಿಗೆ ಮೀಸಲಿಟ್ಟಿದ್ದರೆ ಬಂದ ನಿದ್ರೆಗೆ ಲೇಖಕರನ್ನು ದೂರುವಂತಿಲ್ಲ.

ಪ್ರಶ್ನೆ: ಪುಸ್ತಕವನ್ನು ಅರ್ಧಕ್ಕೆ ಬಿಡುವುದು ನನಗೆ ತಪ್ಪೆನ್ನಿಸುತ್ತದೆ. ಹಿಡಿದದ್ದನ್ನು ಮುಗಿಸಲೇಬೇಕೆಂಬ ಹಟದಿಂದ ಒಂದೇ ಪುಸ್ತಕ ತಿಂಗಳುಗಟ್ಟಲೆ ಮೇಜಿನ ಮೇಲೆ ಉಳಿಯುತ್ತದೆ. ಬಿಡಬಹುದೇ?

ಉತ್ತರ: ಧಾರಾಳವಾಗಿ ಬಿಡಬಹುದು. ನ್ಯಾನ್ಸಿ ಪರ್ಲ್ ಎಂಬ ಅಮೆರಿಕದ ಗ್ರಂಥಪಾಲಕಿ ಇದಕ್ಕೆ ಒಂದು ನಿಯಮವನ್ನೇ ಹೇಳಿದ್ದಾರೆ. ಐವತ್ತು ವರ್ಷದವರೆಗಿನವರು ಐವತ್ತು ಪುಟ ಓದಿ ನೋಡಲಿ, ಹಿಡಿಸದಿದ್ದರೆ ಬಿಡಲಿ. ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತು ವರ್ಷದವರಿಗೆ ಮೂವತ್ತು ಪುಟ. ಲೆಕ್ಕದಲ್ಲಿ ಸ್ವಲ್ಪ ತುಂಟತನವಿದ್ದರೂ ತರ್ಕ ಸರಿಯಾಗಿದೆ. ಇಷ್ಟು ಮಾತ್ರ ಗಮನಿಸಿ: ಪುಸ್ತಕ ಕಷ್ಟವಾಗಿದೆ ಎಂಬ ಕಾರಣಕ್ಕೆ ಬಿಡುತ್ತಿದ್ದೀರೋ ಅಥವಾ ಅದರಲ್ಲಿ ಹುರುಳಿಲ್ಲವೆಂದು ಬಿಡುತ್ತಿದ್ದೀರೋ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಮೊದಲನೆಯದಾದರೆ ಬಿಟ್ಟ ಪುಟದಲ್ಲಿ ದಿನಾಂಕ ಹಾಕಿದ ಚೀಟಿಯೊಂದನ್ನು ಇಟ್ಟು ಕಪಾಟಿಗೆ ಸೇರಿಸಿ. ಕೆಲವು ವರ್ಷಗಳ ನಂತರ ಅದೇ ಪುಸ್ತಕ ಹಗುರವಾಗಿ ಓದಿಸಿಕೊಳ್ಳಬಹುದು.

ಪ್ರಶ್ನೆ: ಮುದ್ರಿತ ಪುಸ್ತಕ, ಇ–ಪುಸ್ತಕ, ಕೇಳುವ ಪುಸ್ತಕ, ಇವುಗಳಲ್ಲಿ ಯಾವುದು ಉತ್ತಮ?

ಉತ್ತರ: ಕಥೆಗಳಿಗೆ ಯಾವುದಾದರೂ ಸರಿ. ಮಾಹಿತಿ ಮತ್ತು ವಾದ ಪ್ರಧಾನವಾದ ಬರಹಕ್ಕೆ ಮಾತ್ರ ಕಾಗದ ಇನ್ನೂ ಮೇಲು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಪರದೆಗಿಂತ ಕಾಗದದ ಮೇಲೆ ಓದಿದವರ ಗ್ರಹಿಕೆ ಸ್ವಲ್ಪ ಹೆಚ್ಚಾಗಿರುವುದು ಕಂಡುಬಂತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚಿತ್ತು. ಕಥನ ಬರಹವನ್ನಷ್ಟೇ ಓದಿದಾಗ ಈ ಅಂತರ ಕಾಣಲಿಲ್ಲ. ಅಂತರ ದೊಡ್ಡದಲ್ಲವಾದ್ದರಿಂದ, ಇ–ಪುಸ್ತಕವೊಂದೇ ಸಿಗುವಾಗ ಹಿಂಜರಿಯುವ ಕಾರಣವಿಲ್ಲ. ಅದರಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು, ಅಕ್ಷರವನ್ನು ಹಿಗ್ಗಿಸಬಹುದು. ಕಣ್ಣಿನ ತೊಂದರೆ ಇರುವವರಿಗೆ ಇದು ಸಣ್ಣ ಉಪಕಾರವಲ್ಲ. ಓದುವ ಸಾಧನದಲ್ಲಿ ಸಂದೇಶಗಳು ಬಂದು ಬೀಳದಂತೆ ಮಾಡಿಕೊಳ್ಳಿ. ಕೇಳುವ ಪುಸ್ತಕದಲ್ಲಿ ಆತ್ಮಕಥೆ, ಕಾದಂಬರಿ, ಪ್ರವಾಸಕಥನಗಳು ಸೊಗಸಾಗಿ ಒದಗುತ್ತವೆ. ಕೋಷ್ಟಕ, ಸೂತ್ರ, ಸೂಕ್ಷ್ಮವಾದ ವಾದ ಇರುವ ಪುಸ್ತಕವನ್ನು ಕೇಳಲು ಹೊರಟರೆ, ತಡೆದು ಬೇಕಾದ ಸಾಲಿಗೆ ಹಿಂದಿರುಗುವುದು ಪುಟದಲ್ಲಿರುವಷ್ಟು ಸುಲಭವಲ್ಲದೆ ಸೋಲುತ್ತೀರಿ.

ಪ್ರಶ್ನೆ: ಒಂದೇ ಕೃತಿಗೆ ಎರಡು ಮೂರು ಅನುವಾದಗಳಿದ್ದಾಗ ಯಾವುದನ್ನು ಆರಿಸಿಕೊಳ್ಳಬೇಕು? ಮೂಲ ಭಾಷೆ ನನಗೆ ಬಾರದು.

ಉತ್ತರ: ಮೂಲದಿಂದ ನೇರವಾಗಿ ಆದ ಅನುವಾದವೋ, ಇನ್ನೊಂದು ಭಾಷೆಯ ಮೂಲಕ ಬಂದದ್ದೋ ಎಂಬುದನ್ನು ಮೊದಲು ನೋಡಿ. ಅದನ್ನು ಪುಸ್ತಕದಲ್ಲಿ ಎಲ್ಲಿಯೂ ಹೇಳದೆ ಬಿಟ್ಟಿದ್ದರೆ ಅನುಮಾನಿಸಲು ಕಾರಣವಿದೆ. ಸಂಕ್ಷಿಪ್ತವೇ, ಪೂರ್ಣವೇ ಎಂಬುದೂ ತಿಳಿಯಬೇಕು. ಬಳಿಕ ಅದೇ ಅಧ್ಯಾಯದ ಅದೇ ಸಂಭಾಷಣೆಯನ್ನು ಪ್ರತಿಯೊಂದು ಅನುವಾದದಿಂದಲೂ ಗಟ್ಟಿಯಾಗಿ ಓದಿ. ವರ್ಣನೆಯಲ್ಲಿ ಹೇಗೋ ಪಾರಾಗುವ ಅನುವಾದಕ ಮಾತುಕತೆಯಲ್ಲಿ ತೊಡರುತ್ತಾನೆ. ಮಗುವೂ ಮುದುಕನೂ ಒಂದೇ ದನಿಯಲ್ಲಿ, ಗ್ರಾಂಥಿಕವಾಗಿ ಮಾತನಾಡುತ್ತಿದ್ದರೆ ಆ ಪುಸ್ತಕವನ್ನು ಕೆಳಗಿಡಿ. ಇದು ಮೂಲಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದನ್ನು ತಿಳಿಸುವುದಿಲ್ಲ, ನಾನೂರು ಪುಟ ಸಹಿಸಬಹುದೇ ಎಂಬುದನ್ನಂತೂ ತಿಳಿಸುತ್ತದೆ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಕೈಗಾರಿಕಾ ಕ್ರಾಂತಿಯಿಂದ ಬ್ರಿಟನ್ನಿನ ಕಾರ್ಮಿಕರ ಬದುಕು ಸುಧಾರಿಸಿತೇ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕಾಗಿದೆ. ಏಳೆಂಟು ದಪ್ಪ ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ, ಕಾಲಾವಕಾಶ ಕಡಿಮೆ. ಒಂದಾದ ಮೇಲೊಂದರಂತೆ ಓದಿದರೆ ಮುಗಿಯುವುದಿಲ್ಲ. ಏನು ಮಾಡಲಿ?

ಉತ್ತರ: ಒಂದಾದ ಮೇಲೊಂದರಂತೆ ಓದುವುದನ್ನು ಬಿಡಿ. ಇಲ್ಲಿ ನೀವು ಓದಬೇಕಾಗಿರುವುದು ಒಂದು ವಿವಾದವನ್ನು. ಪುಸ್ತಕಗಳು ಅದರಲ್ಲಿ ಪಾಲ್ಗೊಂಡವರ ಮಾತುಗಳು. ಇತಿಹಾಸಕಾರರಲ್ಲಿ ಬಹುಕಾಲದಿಂದ ನಡೆದಿರುವ ಈ ಚರ್ಚೆಯಲ್ಲಿ ಇಬ್ಬರು ಬೇರೆ ಬೇರೆ ಉತ್ತರಗಳಿಗೆ ತಲುಪುವುದಕ್ಕೆ ಮುಖ್ಯ ಕಾರಣ ಅವರು ಅಳೆಯುವ ವಸ್ತುವೇ ಬೇರೆಯಾಗಿರುವುದು. ಒಬ್ಬರು ಕೂಲಿಯ ದರವನ್ನೂ ಸರಕುಗಳ ಬೆಲೆಯನ್ನೂ ಹೋಲಿಸುತ್ತಾರೆ. ಇನ್ನೊಬ್ಬರು ಸೈನ್ಯಕ್ಕೆ ಸೇರಿದವರ ಎತ್ತರವನ್ನೂ ಮಕ್ಕಳ ಮರಣ ಪ್ರಮಾಣವನ್ನೂ ನೋಡುತ್ತಾರೆ. ಮತ್ತೊಬ್ಬರು ದುಡಿಮೆಯ ಗಂಟೆಗಳನ್ನು, ನಗರದ ವಸತಿಯನ್ನು ಮುಂದಿಡುತ್ತಾರೆ. ಲೇಖಕರು ಲೆಕ್ಕಕ್ಕೆ ತೆಗೆದುಕೊಂಡ ಅವಧಿ 1840ರ ದಶಕಕ್ಕೆ ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ ಎಂಬುದರಿಂದಲೂ ಉತ್ತರ ಬದಲಾಗುತ್ತದೆ.

ಆದ್ದರಿಂದ ಪುಸ್ತಕಗಳನ್ನು ತೆರೆಯುವ ಮೊದಲು ದೊಡ್ಡ ಹಾಳೆಯೊಂದರ ಎಡಬದಿಯಲ್ಲಿ ನಿಮ್ಮ ಪ್ರಶ್ನೆಗಳನ್ನು ಒಂದರ ಕೆಳಗೊಂದು ಬರೆಯಿರಿ: ಬದುಕಿನ ಮಟ್ಟ ಎಂದರೆ ಲೇಖಕರ ದೃಷ್ಟಿಯಲ್ಲಿ ಏನು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದಾಖಲೆಯ ಆಧಾರದ ಮೇಲೆ, ಯಾವ ಕಾರ್ಮಿಕರನ್ನು ಬಿಟ್ಟಿದ್ದಾರೆ, ಎದುರಾಳಿಯ ವಾದಕ್ಕೆ ಏನು ಉತ್ತರ ಕೊಡುತ್ತಾರೆ. ಮೇಲ್ಭಾಗದಲ್ಲಿ ಅಡ್ಡಲಾಗಿ ಪುಸ್ತಕಗಳ ಹೆಸರು. ಈಚಿನ ವರ್ಷಗಳಲ್ಲಿ ಬಂದ ಪುಸ್ತಕದ ಪೀಠಿಕೆಯನ್ನು ಮೊದಲು ಓದಿ. ಹಿಂದಿನವರು ಏನು ಹೇಳಿದ್ದರು ಎಂಬ ಸಮೀಕ್ಷೆ ಸಾಮಾನ್ಯವಾಗಿ ಅಲ್ಲಿರುತ್ತದೆ, ಮತ್ತು ಪಟ್ಟಿಯಲ್ಲಿರುವ ಯಾವ ಎರಡು ಪುಸ್ತಕಗಳು ನಿಜವಾಗಿ ಪರಸ್ಪರ ಎದುರು ನಿಲ್ಲುತ್ತವೆ ಎಂಬುದು ಅದರಿಂದ ತಿಳಿಯುತ್ತದೆ. ಆ ಎರಡನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಉಳಿದವುಗಳಲ್ಲಿ ಪರಿವಿಡಿ, ಪದಸೂಚಿಗಳ ಸಹಾಯದಿಂದ ನಿಮ್ಮ ಹಾಳೆಯ ಖಾಲಿ ಮನೆಗಳನ್ನು ತುಂಬುವ ಪುಟಗಳನ್ನಷ್ಟೇ ಹುಡುಕಿ. ಯಾವುದೋ ಒಂದು ಮನೆ ಖಾಲಿಯೇ ಉಳಿದರೆ ಅದನ್ನು ಬಲವಂತವಾಗಿ ತುಂಬಬೇಡಿ. ಆ ಲೇಖಕರು ಆ ಪ್ರಶ್ನೆಯನ್ನು ಕೇಳಿಕೊಂಡಿಲ್ಲ ಎಂಬುದೇ ನಿಮ್ಮ ಪ್ರಬಂಧದ ಒಂದು ಪ್ಯಾರಾ ಆಗಬಹುದು.

ಪ್ರತಿಯೊಂದು ಮನೆಯಲ್ಲಿಯೂ ಪುಟಸಂಖ್ಯೆಯನ್ನು ಬರೆಯಲು ಮರೆಯಬೇಡಿ, ಲೇಖಕರ ಮಾತನ್ನು ಯಥಾವತ್ತಾಗಿ ಬರೆದುಕೊಂಡ ಕಡೆ ಉದ್ಧರಣ ಚಿಹ್ನೆಯನ್ನೂ ಹಾಕಿ. ಬರೆಯಲು ಕುಳಿತಾಗ ಯಾವುದು ಅವರ ಮಾತು, ಯಾವುದು ನಿಮ್ಮ ಮಾತು ಎಂಬ ಗೊಂದಲ ಬರುವುದಿಲ್ಲ; ಗ್ರಂಥಾಲಯಕ್ಕೆ ಪುಸ್ತಕಗಳನ್ನು ಹಿಂದಿರುಗಿಸಿದ ಮೇಲೂ ಹಾಳೆಯೊಂದನ್ನೇ ಮುಂದಿಟ್ಟುಕೊಂಡು ಮೊದಲ ಕರಡನ್ನು ಮುಗಿಸಬಹುದು.